'ವಿವಾಹ್' ಚಿತ್ರದ ಚಿಕ್ಕಮ್ಮ

ಸೂರಜ್ ಬರ್ಜಾತ್ಯಾ ಅವರ 2006ರ ಹಿಂದಿ ಚಿತ್ರ 'ವಿವಾಹ್' ನಮ್ಮ ಅನೇಕ ಮನೆಗಳಿಗೆ ಅಚ್ಚುಮೆಚ್ಚು. ಹಿರಿಯರು ಒಪ್ಪಿದ ಸಂಬಂಧ, ನಿಶ್ಚಿತಾರ್ಥದ ನಂತರ ಮೆಲ್ಲನೆ ಮೂಡುವ ಪ್ರೀತಿ. ಮದುವೆಯ ಹೊತ್ತಿಗೆ ಬೆಂಕಿಯಲ್ಲಿ ಬೆಂದ ಪೂನಮ್‌ಳನ್ನು ಪ್ರೇಮ್ ಆಸ್ಪತ್ರೆಯಲ್ಲೇ ವರಿಸುತ್ತಾನೆ. ನಮ್ಮ ಕಣ್ಣೂ ಒದ್ದೆಯಾದವು, ಸುಳ್ಳೇಕೆ?

ಆದರೆ ಆ ಚಿಕ್ಕಮ್ಮ! ತನ್ನ ಮಗಳು ಕಪ್ಪು, ಪೂನಮ್ ಬಿಳುಪು ಎಂಬುದೇ ಅವಳ ಹೊಟ್ಟೆಕಿಚ್ಚು. ಚಿತ್ರ ಅವಳಿಗೆ ಪಶ್ಚಾತ್ತಾಪ ತರಿಸಿ ಕೈತೊಳೆದುಕೊಳ್ಳುತ್ತದೆ. ಕಪ್ಪು ಹುಡುಗಿಗೆ ಗಂಡು ಸಿಕ್ಕೀತೇ ಎಂಬ ತಾಯಿಯ ಅಂಜಿಕೆ ಬಂದದ್ದೆಲ್ಲಿಂದ? ಗಂಡಿನ ಕಡೆಯವರಿಂದಲ್ಲವೇ? ನಮ್ಮ ಪತ್ರಿಕೆಯ ವಧು-ವರ ಅಂಕಣಕ್ಕೂ 'ಬೆಳ್ಳಗಿನ ಕನ್ಯೆ ಬೇಕು' ಎಂದು ಬರೆದು ಕಳಿಸುವವರು ನಾವೇ. ಇಲ್ಲಿ ಬೆಳೆದ ನಮ್ಮ ಹೆಣ್ಣುಮಕ್ಕಳು ಅದನ್ನು ಓದುತ್ತಾರೆ. (ಕನ್ನಡ ಓದಲು ಕಲಿಸಿದವರೂ ನಾವೇ.) ಮುಂದಿನ ಸಂಚಿಕೆಯಿಂದ ಸಂಪಾದಕರು ಆ 'ಬೆಳ್ಳಗಿನ' ಎಂಬುದನ್ನು ಹೊಡೆದುಹಾಕಬೇಕೆಂದು ನಮ್ಮ ಕೋರಿಕೆ.