ಅಳತೆಗೋಲಿನ ಅರ್ಧ

ಬಕೆಟ್ಟಿನ ಅರ್ಧ ಎತ್ತರಕ್ಕೆ ನೀರು ತುಂಬಿದರೆ ಅರ್ಧ ಬಕೆಟ್ಟು ನೀರಾಯಿತೆಂದು ನಾವೆಲ್ಲರೂ ನಂಬಿದ್ದೇವೆ. ಬಕೆಟ್ಟಿನ ತಳ ಬಾಯಿಗಿಂತ ಕಿರಿದು. ಆದುದರಿಂದ ಅಲ್ಲಿರುವುದು ಅರ್ಧಕ್ಕಿಂತ ಕಡಿಮೆ. ಮನೆಯಲ್ಲಿ ಇದರಿಂದ ತಪ್ಪುವುದು ಒಂದೆರಡು ಚೊಂಬು ನೀರಿನ ಲೆಕ್ಕ ಮಾತ್ರ. ಮಲ್ಪೆಯಿಂದ ಕಡಲಿಗಿಳಿಯುವ ಮೀನುಗಾರನಿಗಾದರೋ ಇದು ದಡ ಸೇರುವ ಪ್ರಶ್ನೆ.

ದೋಣಿಯ ಒಡಲು ಕೆಳಗಿಳಿದಂತೆ ಕಿರಿದಾಗುತ್ತದೆ; ಅದಕ್ಕೆ ಹೊಂದುವಂತೆ ಮಾಡಿದ ಡೀಸೆಲ್ ಟ್ಯಾಂಕೂ ಹಾಗೆಯೇ. ಉದ್ದ 120 ಸೆಂಟಿಮೀಟರು, ಎತ್ತರ 50, ಮೇಲಿನ ಅಗಲ 60, ತಳದ ಅಗಲ 40 ಇರುವ ಟ್ಯಾಂಕೊಂದನ್ನು ತೆಗೆದುಕೊಳ್ಳೋಣ. ಸರಾಸರಿ ಅಗಲ 50. ಉದ್ದ, ಎತ್ತರ, ಅಗಲಗಳನ್ನು ಗುಣಿಸಿ 1000ದಿಂದ ಭಾಗಿಸಿದರೆ 300 ಲೀಟರು. ಬಿಸಿಲಿಗೆ ಎಣ್ಣೆ ಹಿಗ್ಗುವುದರಿಂದ ಸ್ವಲ್ಪ ಜಾಗ ಬಿಟ್ಟು 285 ತುಂಬಿದೆವೆನ್ನಿ. ತಳದ 15 ಲೀಟರು ಕೊಳವೆಗೆ ಎಟುಕದೆ ಉಳಿಯುವುದೆನ್ನಿ.

ಅಳತೆಗೋಲು ಅರ್ಧ ತೋರಿಸಿದಾಗ ಹಿಂತಿರುಗೋಣವೆಂದು ಹೊರಟವನ ಪಾಡೇನು? ಕೆಳಗಿನ ಅರ್ಧದ ಸರಾಸರಿ ಅಗಲ 45 ಮಾತ್ರ. ಅಲ್ಲಿರುವುದು 135 ಲೀಟರು, ಇಂಜಿನ್ನಿಗೆ ದಕ್ಕುವುದು 120. ಹೋಗುವಾಗ ಉರಿದುದು 150! ಗಂಟೆಗೆ 10 ಲೀಟರು ಕುಡಿಯುವ ಇಂಜಿನ್ನಾದರೆ, 15 ಗಂಟೆ ಹೋದವನಿಗೆ ಮರಳಲು 12 ಗಂಟೆಯ ಎಣ್ಣೆ. ಉಳಿದ 3 ಗಂಟೆಯ ದಾರಿಗೆ ಕಡಲೇ ಗತಿ.

ಆದುದರಿಂದಲೇ ಬಲ್ಲವರು ದಕ್ಕುವ ಎಣ್ಣೆಯನ್ನು ಮೂರು ಪಾಲು ಮಾಡುವರು: ಹೋಗಲೊಂದು, ಬರಲೊಂದು, ಆಪತ್ತಿಗೊಂದು. ಲೆಕ್ಕವೇ ಬೇಡವೆನ್ನುವವರು, ಬರಿದಾದ ಟ್ಯಾಂಕಿಗೆ 20 ಲೀಟರಿನ ಡಬ್ಬಿಯಿಂದ ಸುರಿಯುತ್ತ, ಪ್ರತಿ ಸಲವೂ ಗೋಲಿನ ಮೇಲೆ ಗೆರೆ ಕೊರೆದುಕೊಳ್ಳಲಿ. ಆ ಗೋಲು ಸುಳ್ಳು ಹೇಳದು.