ಗೋದಲಿ ಕಟ್ಟಿ ಆಮೇಲೆ ಪೇಟೆಗೆ ಹೋಗೋಣ



ನವೆಂಬರ್ ಮುಗಿಯುವ ಮೊದಲೇ ಚೆನ್ನೈನ ಅಡ್ಯಾರ್‌ನ ಅಂಗಡಿಗಳಲ್ಲಿ ಕ್ರಿಸ್‌ಮಸ್ ರಿಯಾಯಿತಿಯ ಬೋರ್ಡುಗಳು ಕಾಣಿಸುತ್ತವೆ. ವ್ಯಾಪಾರಿಗಳನ್ನು ದೂರಲಾರೆ, ಅದು ಅವರ ಹೊಟ್ಟೆಪಾಡು. ನಮ್ಮ ಕ್ರೈಸ್ತ ಮನೆಗಳಲ್ಲೇ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳು ಖರೀದಿಯಲ್ಲಿ ಕಳೆದುಹೋಗುತ್ತಿರುವುದು ನನ್ನ ಸಂಕಟ. ಅವು ಪ್ರಾರ್ಥನೆಗೂ ಪಶ್ಚಾತ್ತಾಪಕ್ಕೂ ಮೀಸಲಾದ ದಿನಗಳು.

2015ರ ಡಿಸೆಂಬರ್ ನೆನಪಾಗುತ್ತದೆ. ತಿಂಗಳ ಮೊದಲ ದಿನಗಳಲ್ಲೇ ಅಡ್ಯಾರ್ ನದಿ ಉಕ್ಕಿ ದಡದ ಮನೆಗಳಿಗೆ ನುಗ್ಗಿತು. ಮಂಗಳೂರು ಕಡೆಯವರಾದ ನಮ್ಮ ಮನೆಯಲ್ಲಿ ಆ ವರ್ಷ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಮಾಡಲಿಲ್ಲ. ಅದಕ್ಕೆಂದು ಎತ್ತಿಟ್ಟ ಹಣದಲ್ಲಿ ಅಮ್ಮ ಚಾಪೆ, ಹೊದಿಕೆ ಕೊಂಡು ನೆರೆ ಸಂತ್ರಸ್ತರಿಗೆ ಹಂಚಿದರು. ಯೇಸುವಿನ ಜನನದ ದೃಶ್ಯ ತೋರಿಸುವ ಹಳೆಯ ಗೋದಲಿಯನ್ನು ಮಾತ್ರ ಇಟ್ಟೆವು. ಒಂದು ಕಿವಿ ಮುರಿದ ಕತ್ತೆ, ಹುಲ್ಲಿನ ಬದಲು ತೆಂಗಿನ ನಾರು. ಒಂದೇ ಮೇಣದಬತ್ತಿಯ ಮುಂದೆ ಎಲ್ಲರೂ ಕೂತು ಜಪಮಾಲೆ ಹೇಳಿದೆವು. ಅಷ್ಟು ಮನತುಂಬಿದ ಕ್ರಿಸ್‌ಮಸ್ ನನಗೆ ಮತ್ತೆ ಸಿಕ್ಕಿಲ್ಲ.

ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಹುಲ್ಲು, ಎತ್ತು, ಕತ್ತೆ ತರಿಸಿ ಗೋದಲಿ ಮಾಡಿದ್ದು ಬಡತನದಲ್ಲಿ ಹುಟ್ಟಿದ ದೇವರನ್ನು ಜನ ಕಣ್ಣಾರೆ ಕಾಣಲೆಂದು. ಈ ಸಲ ಮಕ್ಕಳ ಕೈಯಿಂದಲೇ ಗೋದಲಿ ಕಟ್ಟಿಸಿ, ಬೆತ್ಲೆಹೇಮಿನ ಕಥೆ ಹೇಳಿ, ಆಮೇಲೆ ಪೇಟೆಗೆ ಕರೆದೊಯ್ಯಿರಿ ಎಂದು ಹೆತ್ತವರಲ್ಲಿ ನನ್ನ ವಿನಂತಿ.

– ಒಬ್ಬ ಓದುಗ, ಅಡ್ಯಾರ್, ಚೆನ್ನೈ