ಎಣಿಸತಕ್ಕ ವಾರ ಯಾವುದು?

ಮನೆಯಲ್ಲಿ ಕೂಸು ಹುಟ್ಟಿತೆಂಬ ಸುದ್ದಿ ಬಂದ ಕೂಡಲೆ ಹಿರಿಯರು ಕೇಳುವುದು, "ಯಾವ ವಾರ, ಎಷ್ಟು ಹೊತ್ತಿಗೆ?" ಎಂದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ಮಂಗಳವಾರ, ಶುಕ್ರವಾರಗಳಂದು ಹೆಣ್ಣುಮಕ್ಕಳನ್ನು ಹೊರಡಿಸಬಾರದೆಂಬ ಭಾವನೆ ಅನೇಕ ಮನೆಗಳಲ್ಲಿ ಇನ್ನೂ ಉಂಟು. ಇದರೊಡನೆ ಈಚೆಗೆ ಮತ್ತೊಂದು ಸೇರಿಕೊಂಡಿದೆ. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಗಬೇಕೆಂದು ತಿಳಿದರೆ, ಜೋಯಿಸರಿಂದ ಮುಹೂರ್ತವನ್ನು ಬರೆಯಿಸಿ ತಂದು ವೈದ್ಯರ ಮುಂದಿಡುವವರಿದ್ದಾರೆ. ಈ ವಿಷಯವಾಗಿ ಗೃಹಸ್ಥರಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಬಯಸುತ್ತೇವೆ.

ಮೊದಲು ವಾರವೆಂದರೇನೆಂಬುದನ್ನು ನೋಡೋಣ. ದಿನಕ್ಕೆ 24 ಹೋರೆಗಳು. ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಕ್ರಮದಲ್ಲಿ ಅವುಗಳಿಗೆ ಅಧಿಪತಿಗಳು. 24ನ್ನು 7ರಿಂದ ಭಾಗಿಸಿದರೆ 3 ಉಳಿಯುವುದರಿಂದ, ಮರುದಿನದ ಮೊದಲ ಹೋರೆಯು ಹಿಂದಿನವನಿಂದ ಎಣಿಸಿದರೆ ನಾಲ್ಕನೆಯವನದಾಗುವುದು. ಶನಿಯ ತರುವಾಯ ರವಿಯೂ ರವಿಯ ತರುವಾಯ ಚಂದ್ರನೂ ಬರುವುದು ಹೀಗೆ. ತಿಥಿ ನಕ್ಷತ್ರಗಳನ್ನು ಚಂದ್ರನನ್ನು ನೋಡಿ ತಿಳಿಯಬಹುದು. ವಾರಕ್ಕೆ ಆಕಾಶದಲ್ಲಿ ಅಂತಹ ಗುರುತಿಲ್ಲ, ಅದು ಎಣಿಕೆಯಿಂದ ಬಂದುದು. ಎಣಿಕೆಯಾದರೂ ಒಂದೇ ಬಗೆಯಲ್ಲ. ಪಂಚಾಂಗದ ದಿನ ಸೂರ್ಯೋದಯಕ್ಕೆ ಮೊದಲಾದರೆ, ಆಸ್ಪತ್ರೆಯ ದಿನ ನಡುರಾತ್ರಿಗೆ ಮೊದಲಾಗುವುದು. ಸೋಮವಾರದ ಇರುಳು ಕಳೆಯುತ್ತ ಬೆಳಗಿನ ಜಾವ 3 ಗಂಟೆಗೆ ಹುಟ್ಟಿದ ಮಗು ಜಾತಕದಲ್ಲಿ ಸೋಮವಾರದ್ದು, ಆಸ್ಪತ್ರೆಯ ಕಾಗದದಲ್ಲಿ ಮಂಗಳವಾರದ್ದು!

ತಾನಾಗಿ ಬರುವ ನೋವು ವಾರವನ್ನು ನೋಡಿ ಬರುವುದಿಲ್ಲ. ಅದು ನೋಡುವುದೇನಾದರೂ ಇದ್ದರೆ ಹೊತ್ತನ್ನು. ಇಂಗ್ಲೆಂಡಿನಲ್ಲಿ 2005ರಿಂದ 2014ರ ವರೆಗಿನ ಸುಮಾರು 50 ಲಕ್ಷ ಜನನಗಳನ್ನು ಪರಿಶೀಲಿಸಿದಾಗ, ಸಹಜವಾದ ಹೆರಿಗೆಗಳು ಬೆಳಗಿನ ಜಾವ 4 ಗಂಟೆಯ ಸುಮಾರಿಗೆ ಅತ್ಯಧಿಕವೆಂದೂ, ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗಳು ಕೆಲಸದ ದಿನಗಳ ಪೂರ್ವಾಹ್ನದಲ್ಲಿ ಹೆಚ್ಚೆಂದೂ ಕಂಡುಬಂದಿತು. ಅಮೆರಿಕೆಯಲ್ಲಿ ಅನೇಕ ವರ್ಷಗಳ ಲೆಕ್ಕದಂತೆ ಮಂಗಳವಾರವೇ ಹೆಚ್ಚು ಮಕ್ಕಳು ಹುಟ್ಟುವ ದಿನ. ಭಾನುವಾರದ ಸಂಖ್ಯೆ ಅದಕ್ಕಿಂತ ಮೂರರಲ್ಲೊಂದು ಪಾಲಿಗೂ ಮಿಗಿಲಾಗಿ ಕಡಿಮೆ. ಭಾನುವಾರ ರಜವೆಂದು ಕೂಸಿಗೆ ತಿಳಿಯದು. ದಿನವನ್ನು ಆರಿಸಿದುದು ಮನುಷ್ಯರ ಕೈ.

ನಮ್ಮ ನಾಡಿನಲ್ಲಿಯೂ ಈ ಕೈವಾಡಕ್ಕೆ ಎಡೆ ಹೆಚ್ಚುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆಗಳು 2015-16ರಲ್ಲಿ ನೂರಕ್ಕೆ 23.6 ಇದ್ದುವು, 2019-21ರಲ್ಲಿ 31.5 ಆದುವು. ಇವುಗಳಲ್ಲಿ ಪ್ರಾಣಸಂಕಟದಲ್ಲಿ ಒಡನೆಯೇ ಮಾಡಿದುವೂ ಸೇರಿವೆ. ಅವು ತಾಯಿಮಕ್ಕಳನ್ನು ಉಳಿಸಿದ ಉಪಕಾರವನ್ನು ಮರೆಯಬಾರದು. ದಿನವನ್ನು ಆರಿಸಲು ಅವಕಾಶವಿರುವ ಹೆರಿಗೆಗಳ ವಿಷಯವನ್ನಷ್ಟೆ ನಾವು ಹೇಳುತ್ತಿದ್ದೇವೆ.

ಕನ್ನಡದಲ್ಲಿ ವಾರವೆಂಬ ಮಾತಿಗೆ ಎರಡರ್ಥ. ಸೋಮವಾರ, ಮಂಗಳವಾರ ಎಂಬುದು ಒಂದು. ಏಳು ದಿನಗಳ ಅವಧಿ ಎಂಬುದು ಇನ್ನೊಂದು. ಗರ್ಭಿಣಿಯ ಮನೆಯವರು ಎಣಿಸತಕ್ಕದ್ದು ಈ ಎರಡನೆಯದನ್ನು. ಕಡೆಯ ಮುಟ್ಟಿನ ಮೊದಲ ದಿನದಿಂದ 40 ವಾರಗಳಿಗೆ ದಿನ ತುಂಬುವುದೆಂದು ಲೆಕ್ಕ. ಬೇರೆ ತೊಂದರೆಯಿಲ್ಲದಿರುವಾಗ 39 ವಾರ ತುಂಬುವುದಕ್ಕೆ ಮುಂಚೆ ಶಸ್ತ್ರದಿಂದ ಹೊರತೆಗೆದ ಶಿಶುವಿಗೆ ಉಸಿರಾಟದ ತೊಂದರೆಯಾಗುವ ಸಂಭವ ಹೆಚ್ಚು. ಒಳ್ಳೆಯ ಲಗ್ನವೆಂದು ಹತ್ತು ದಿನ ಮುಂದಾಗಿ ಹುಟ್ಟಿಸಿದ ಕೂಸು, ಆ ಲಗ್ನವನ್ನೆಲ್ಲ ಗಾಜಿನ ಪೆಟ್ಟಿಗೆಯಲ್ಲಿ ಏದುತ್ತ ಕಳೆಯುವಂತಾದರೆ ಏನು ಫಲ? ಆದುದರಿಂದ ವೈದ್ಯರು ದಿನ ಗೊತ್ತುಮಾಡಿದಾಗ, "ಎಷ್ಟನೆಯ ವಾರ? ಏಕೆ ಈ ದಿನ?" ಎಂದು ವಿನಯದಿಂದ ಕೇಳಿರಿ. ಅವರು ಆತುರವೆಂದರೆ ರಾಹುಕಾಲ ಕಳೆಯಲೆಂದು ಕಾಯಬೇಡಿರಿ. ನೋವು ಕಾಣಿಸಿಕೊಂಡರೆ, ನೀರು ಒಡೆದರೆ, ರಕ್ತ ಹೋದರೆ, ಮಂಗಳವಾರವಾಗಲಿ ಅಮಾವಾಸ್ಯೆಯಾಗಲಿ, 108ಕ್ಕೆ ಫೋನು ಮಾಡಿ ಹೊರಡತಕ್ಕದ್ದು.

ಇದರಿಂದ ಶಾಸ್ತ್ರಕ್ಕೆ ಕುಂದಿಲ್ಲ. ಜಾತವಾದವನಿಗೆ ಸಂಬಂಧಿಸಿದುದು ಜಾತಕ. ಹುಟ್ಟಿದ ಮೇಲೆ ಬರೆಯತಕ್ಕದ್ದು. ಜೋಯಿಸರು ಆ ಹೊತ್ತನ್ನು ಕೇಳಿ ಬರೆಯಲಿ. ಅದಕ್ಕೆ ಮೊದಲು ನೋಡತಕ್ಕ ಪಂಚಾಂಗವೆಂದರೆ ಹೆಣ್ಣುಮಗಳ ಕೈಯಲ್ಲಿರುವ ತಾಯಿ ಕಾರ್ಡು. ಅದರಲ್ಲಿ ಬರೆದಿರುವ ದಿನವನ್ನು ಮನೆಯವರೆಲ್ಲರೂ ತಿಳಿದಿರಲಿ.